ಜನ್ನನ ಬದುಕು ಮತ್ತು ಸಂಕಲ್ಪಹಿಂಸೆಯ ಪ್ರಶ್ನೆ

ಸುಮನೋಬಾಣನೆಂದು ಹೆಸರಾದ ಶಂಕರ ಹಾಗೂ ಗಂಗಾದೇವಿಯರ ಮಗನಾದ ಜನ್ನನು ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದವನು. 1209ರಲ್ಲಿ ಅವನು ಪೂರೈಸಿದ ‘ಯಶೋಧರ ಚರಿತೆ’ಯಲ್ಲಿ ಪ್ರಾಣಿವಧೆಗೆ ಒಪ್ಪದ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಡುತ್ತಾನೆ. ಅಲ್ಲಿ ಯಾವ ಜೀವಿಯೂ ಸಾಯುವುದಿಲ್ಲ. ಆದರೂ ತಾಯಿ-ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಪಾಪವನ್ನು ಫಲದಿಂದಲ್ಲ, ಸಂಕಲ್ಪದಿಂದ ಅಳೆಯುವ ಜೈನದೃಷ್ಟಿ ಇಲ್ಲಿಯದು. ಹಿಟ್ಟು ಬಂದುದು ಹಿಂಸೆಯನ್ನು ತಪ್ಪಿಸಲೆಂದೇ. ಕೊಲ್ಲುವೆನೆಂಬ ಭಾವವನ್ನು ಮಾತ್ರ ಅದು ತಪ್ಪಿಸಲಿಲ್ಲ. ಮುಂದೆ ನರಸಿಂಹನ ಆಳ್ವಿಕೆಯಲ್ಲಿ ಜನ್ನನು ದಂಡಾಧೀಶನೂ ಮಂತ್ರಿಯೂ ಆದನು. 1230ರಲ್ಲಿ ‘ಅನಂತನಾಥ ಪುರಾಣ’ವನ್ನು ರಚಿಸಿದನು. ದಂಡವನ್ನು ಹಿಡಿದ ಕವಿಗೆ ತನ್ನದೇ ಕಾವ್ಯದ ಈ ಅಳತೆಗೋಲು ಹಗುರವಾದುದಾಗಿರಲಾರದು. ಇದನ್ನು ಮರೆತರೆ ಆ ಕೃತಿಯನ್ನು ಬರಿಯ ಮತಬೋಧೆಯೆಂದು ಓದುವ ಅಪಾಯವಿದೆ.