ಬೆಂಗಳೂರಿನ ಎಸ್. ರಾಮನ್ ಮತ್ತು ಸ್ವತಂತ್ರ ಭಾರತದ ಮೊದಲ ಗೋಲು

ಫುಟ್ಬಾಲ್ ಅಂದರೆ ನಮ್ಮ ಯುವಜನರು ಕೂಡಲೇ ಬ್ರೆಜಿಲ್, ಅರ್ಜೆಂಟೀನಾ ಎನ್ನುತ್ತಾರೆ. ನಮ್ಮದೇ ರಾಜ್ಯದ ದಿವಂಗತ ಸಾರಂಗಪಾಣಿ ರಾಮನ್ ಅವರ ಹೆಸರು ಹೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ರಾಮನ್ ಬೆಂಗಳೂರಿನವರು. ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಂದ ಬಂದ ಈ ಆಟವನ್ನು ಅಲ್ಲಿನ ಬಡಾವಣೆಗಳ ಹುಡುಗರು ಬೇಗನೆ ತಮ್ಮದಾಗಿಸಿಕೊಂಡಿದ್ದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಆಗ ದೇಶದ ಫುಟ್ಬಾಲ್ ರಾಜಧಾನಿ ಕಲ್ಕತ್ತಾ. ಅದಕ್ಕೆ ಎದುರು ನಿಂತು ಸೆಣಸಿದ್ದು ಮೈಸೂರು. 1946-47ರ ಸಂತೋಷ್ ಟ್ರೋಫಿ ಫೈನಲಿನಲ್ಲಿ ಬೆಂಗಳೂರಿನಲ್ಲೇ ಬಂಗಾಳವನ್ನು ಮಣಿಸಿದ ಮೈಸೂರು ಮೊದಲ ಬಾರಿ ಚಾಂಪಿಯನ್ ಆಯಿತು. ಈ ಪೈಪೋಟಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

1948ರ ಲಂಡನ್ ಒಲಿಂಪಿಕ್ಸ್ ತಂಡಕ್ಕೆ ಮೈಸೂರಿನಿಂದ ರಾಮನ್ ಜೊತೆ ಅಹ್ಮದ್ ಖಾನ್, ಗೋಲ್ ಕೀಪರ್ ವರದರಾಜ್ ಮುಂತಾದವರು ಆಯ್ಕೆಯಾದರು. ನಾಯಕರು ನಾಗಾಲ್ಯಾಂಡಿನ ವೈದ್ಯ ತಾಲಿಮೆರೆನ್ ಆವ್. ಜುಲೈ 31ರಂದು ಇಲ್ಫರ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರಾಳಿ. ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬಿರಲಿಲ್ಲ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಅದನ್ನು ಬಡತನವೆಂದೇ ಬರೆಯುವವರಿದ್ದಾರೆ. ನನಗದು ಅರ್ಧ ಸತ್ಯವೆಂದು ತೋರುತ್ತದೆ. ಬರಿಗಾಲಿಗೆ ಚೆಂಡು ಹೇಗೆ ಮಾತು ಕೇಳುತ್ತದೆಂದು ಅವರಿಗೆ ಗೊತ್ತಿತ್ತು.

ಮೊದಲಾರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹಾಕಿತು. 70ನೇ ನಿಮಿಷದಲ್ಲಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿದರು. 1-1. ಸ್ವತಂತ್ರ ಭಾರತದ ಮೊದಲ ಅಂತಾರಾಷ್ಟ್ರೀಯ ಗೋಲು ಬೆಂಗಳೂರಿನವನ ಕಾಲಿನಿಂದ ಬಂತು. ಆದರೆ ಆ ದಿನ ಸಿಕ್ಕ ಎರಡು ಪೆನಾಲ್ಟಿಗಳನ್ನು ಶೈಲೇನ್ ಮನ್ನಾ ಮತ್ತು ಮಹಾವೀರ ಪ್ರಸಾದ್ ವ್ಯರ್ಥ ಮಾಡಿದರು. ಆಟ ಮುಗಿಯಲು ನಿಮಿಷವೊಂದಿರುವಾಗ ಫ್ರಾನ್ಸ್ ಮತ್ತೆ ಗೋಲು ಹೊಡೆಯಿತು. ಭಾರತ 1-2ರಿಂದ ಸೋತು ಮನೆಗೆ ಮರಳಿತು. ಎರಡರಲ್ಲಿ ಒಂದು ಪೆನಾಲ್ಟಿಯಾದರೂ ಒಳಹೋಗಿದ್ದರೆ ರಾಮನ್ ಅವರನ್ನು ಇಂದು ಹೀಗೆ ಪರಿಚಯಿಸುವ ಅಗತ್ಯ ಬೀಳುತ್ತಿರಲಿಲ್ಲವೇನೋ.

1950ರ ವಿಶ್ವಕಪ್‌ಗೆ ಭಾರತ ಹೋಗದಿದ್ದುದು ಬರಿಗಾಲಿನ ಕಾರಣಕ್ಕೆ ಎಂಬ ಕಥೆಯನ್ನು ನಾವೂ ಸೆಮಿನರಿಯಲ್ಲಿ ನಂಬಿದ್ದೆವು. ಒಕ್ಕೂಟಕ್ಕೆ ಆಗ ಒಲಿಂಪಿಕ್ಸೇ ದೊಡ್ಡದಾಗಿತ್ತು ಎಂಬುದು ಹೆಚ್ಚು ಸರಿ. 1952ರಲ್ಲಿ ಚಳಿಯ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು 1-10ರ ಸೋಲು ಬಂದ ಮೇಲೆ ಬೂಟು ಕಡ್ಡಾಯವಾಯಿತು. ಅಲ್ಲಿ ನಮ್ಮ ಏಕೈಕ ಗೋಲು ಹಾಕಿದವರು ರಾಮನ್ ಅವರ ಊರಿನವರೇ ಆದ ಅಹ್ಮದ್ ಖಾನ್.

ಮೈಸೂರು 1952-53, 1967-68 ಮತ್ತು 1968-69ರಲ್ಲಿ ಬಂಗಾಳವನ್ನು ಸೋಲಿಸಿ ಮತ್ತೆ ಸಂತೋಷ್ ಟ್ರೋಫಿ ಗೆದ್ದಿತು. ಮುಂದಿನ ಗೆಲುವಿಗೆ 54 ವರ್ಷ ಹಿಡಿಯಿತು: 2023ರ ಮಾರ್ಚಿನಲ್ಲಿ, ದೂರದ ರಿಯಾದಿನಲ್ಲಿ, ಮೇಘಾಲಯದ ವಿರುದ್ಧ 3-2.