ಹಕಾರು ಹಶಿಮೊಟೊ

ಹಕಾರು ಹಶಿಮೊಟೊ (ಮೇ 5, 1881 - ಜನವರಿ 9, 1934) ಜಪಾನಿನ ವೈದ್ಯರು. ಥೈರಾಯ್ಡ್ ಗ್ರಂಥಿಯ ಸ್ವಯಂನಿರೋಧಕ ಉರಿಯೂತವನ್ನು ಮೊದಲಿಗೆ ವಿವರಿಸಿದವರು ಇವರು. ಆ ರೋಗಕ್ಕೆ ಇವರ ಹೆಸರನ್ನೇ ಇಡಲಾಗಿದೆ.

ಜನನ ಮತ್ತು ಶಿಕ್ಷಣ

ಇವರು ಮಿಯೆ ಪ್ರಾಂತ್ಯದ, ಈಗಿನ ಇಗಾ ನಗರಕ್ಕೆ ಸೇರಿದ ಹಳ್ಳಿಯೊಂದರಲ್ಲಿ ವೈದ್ಯ ಮನೆತನದಲ್ಲಿ ಜನಿಸಿದರು. ಫುಕುವೊಕಾದ ವೈದ್ಯಕೀಯ ಕಾಲೇಜಿನಿಂದ (ಮುಂದೆ ಕ್ಯೂಶು ವಿಶ್ವವಿದ್ಯಾಲಯ) 1907ರಲ್ಲಿ ಪದವಿ ಪಡೆದು, ಅಲ್ಲಿಯೇ ಪ್ರಾಧ್ಯಾಪಕ ಹಯಾರಿ ಮಿಯಾಕೆಯವರ ಶಸ್ತ್ರಚಿಕಿತ್ಸಾ ವಿಭಾಗವನ್ನು ಸೇರಿದರು.

ಸಂಶೋಧನೆ

ಗಳಗಂಡಕ್ಕಾಗಿ ಶಸ್ತ್ರಚಿಕಿತ್ಸೆಗೆ ಒಳಗಾದ ನಾಲ್ವರು ಮಧ್ಯವಯಸ್ಸಿನ ಮಹಿಳೆಯರ ಗ್ರಂಥಿಯ ಅಂಗಾಂಶಗಳನ್ನು ಹಶಿಮೊಟೊ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಗ್ರಂಥಿಯ ತುಂಬ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಹರಡಿದ್ದವು. ನಾರಿನ ಅಂಗಾಂಶ ಬೆಳೆದಿತ್ತು. ಇದು ಅದುವರೆಗೆ ತಿಳಿದಿರದ ಪ್ರತ್ಯೇಕ ರೋಗವೆಂದು ವಾದಿಸಿ, 1912ರಲ್ಲಿ ಜರ್ಮನ್ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ 30 ಪುಟಗಳ ಪ್ರಬಂಧ ಪ್ರಕಟಿಸಿದರು. ಅದಕ್ಕೆ ಅವರು ಕೊಟ್ಟ ಹೆಸರು ಸ್ಟ್ರೂಮಾ ಲಿಂಫೋಮಟೋಸಾ.

ನಂತರದ ಜೀವನ

ಉನ್ನತ ವ್ಯಾಸಂಗಕ್ಕಾಗಿ ಯುರೋಪಿಗೆ ತೆರಳಿ, ಗಾಟಿಂಗನ್‌ನಲ್ಲಿ ಎಡ್ವರ್ಡ್ ಕೌಫ್‌ಮನ್ ಅವರ ಬಳಿ ರೋಗಶಾಸ್ತ್ರ ಅಭ್ಯಸಿಸಿದರು. ಮೊದಲನೆಯ ಮಹಾಯುದ್ಧದಿಂದಾಗಿ ಸ್ವದೇಶಕ್ಕೆ ಮರಳಬೇಕಾಯಿತು. 1916ರಿಂದ ಹುಟ್ಟೂರಿನ ಪ್ರದೇಶದಲ್ಲಿಯೇ ವೈದ್ಯವೃತ್ತಿ ನಡೆಸಿದರು. ವಿಷಮಶೀತ ಜ್ವರದಿಂದ 52ನೆಯ ವಯಸ್ಸಿನಲ್ಲಿ ನಿಧನರಾದರು.

ಮನ್ನಣೆ

ಇವರ ಪ್ರಬಂಧವು ಬಹುಕಾಲ ಗಮನ ಸೆಳೆಯಲಿಲ್ಲ. ಇವರು ವಿವರಿಸಿದ್ದು ರೀಡೆಲ್ ಗಳಗಂಡದ ಆರಂಭಿಕ ಹಂತವಷ್ಟೇ ಎಂದು ಹಲವರು ಭಾವಿಸಿದ್ದರು. 1931ರಲ್ಲಿ ಅಮೆರಿಕದ ಅಲನ್ ಗ್ರಹಾಂ ಇವೆರಡೂ ಬೇರೆ ಬೇರೆ ಎಂದು ಪ್ರತಿಪಾದಿಸಿದರು. 1956ರಲ್ಲಿ ಲಂಡನ್ನಿನ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಸ್ವಂತ ಥೈರಾಯ್ಡ್ ಪ್ರೋಟೀನಿನ ವಿರುದ್ಧ ಪ್ರತಿಕಾಯಗಳನ್ನು ಪತ್ತೆಹಚ್ಚಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವುದು ಇದರಿಂದ ಸ್ಪಷ್ಟವಾಯಿತು. ಆ ವೇಳೆಗೆ ಹಶಿಮೊಟೊ ತೀರಿಕೊಂಡು 22 ವರ್ಷಗಳಾಗಿದ್ದವು.

ಇಂದಿನ ಚಿಕಿತ್ಸೆ

ಹಶಿಮೊಟೊ ರೋಗವು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಆಯಾಸ, ತೂಕ ಹೆಚ್ಚಳ, ಚಳಿ ಸಹಿಸಲಾಗದಿರುವುದು, ಮಲಬದ್ಧತೆ ಇದರ ಸಾಮಾನ್ಯ ಲಕ್ಷಣಗಳು. ರಕ್ತದಲ್ಲಿನ ಟಿಎಸ್ಎಚ್ ಮತ್ತು ಪ್ರತಿಕಾಯಗಳ ಪರೀಕ್ಷೆಯಿಂದ ರೋಗವನ್ನು ಗುರುತಿಸಬಹುದು. ಹಾರ್ಮೋನು ಕೊರತೆಯಾದಾಗ ಲೆವೊಥೈರಾಕ್ಸಿನ್ ಮಾತ್ರೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೇವಿಸಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಅದರ ಹೀರಿಕೆಯನ್ನು ತಗ್ಗಿಸುವುದರಿಂದ ಅವುಗಳ ನಡುವೆ 4 ಗಂಟೆಗಳ ಅಂತರವಿರಬೇಕು. ಈ ಔಷಧಿಯು ರೋಗದ ಮೂಲವನ್ನು ಅಳಿಸುವುದಿಲ್ಲ, ಕೊರತೆಯನ್ನು ತುಂಬುತ್ತದೆ. ಆದ್ದರಿಂದ ಅನೇಕರಿಗೆ ಇದು ಜೀವನಪರ್ಯಂತ ಬೇಕಾಗುತ್ತದೆ.