ಮಕ್ಕಳ ಬಂಧು ಪಂಜೆ ಮಂಗೇಶರಾಯರು

ಪಂಜೆ ಮಂಗೇಶರಾಯರು 1874ರಲ್ಲಿ ದಕ್ಷಿಣ ಕನ್ನಡದ ಬಂಟವಾಳದಲ್ಲಿ ಜನಿಸಿದರು. ಬಡತನದ ನಡುವೆಯೇ ವ್ಯಾಸಂಗ ಮಾಡಿ ಉಪಾಧ್ಯಾಯರಾದರು. ಅನಂತರ ಶಾಲಾ ತನಿಖಾಧಿಕಾರಿಗಳಾದರು. ಅಂದು ಕನ್ನಡದಲ್ಲಿ ಎಳೆಯರ ಪುಸ್ತಕಗಳು ಬಲು ವಿರಳ. ಅಕ್ಷರ ಕಲಿತ ಮಗುವಿಗೆ ಪಾಠಪುಸ್ತಕವಲ್ಲದೆ ತಾನಾಗಿ ಓದಿ ನಲಿಯಲು ಹೆಚ್ಚೇನೂ ದೊರೆಯುತ್ತಿರಲಿಲ್ಲ. ಓದಿನಲ್ಲಿ ನಲಿವಿಲ್ಲದಿದ್ದರೆ ಕಲಿತ ಅಕ್ಷರವೂ ಮರೆತುಹೋಗುವುದಷ್ಟೆ!

ಈ ಕೊರತೆಯನ್ನು ನೀಗಲು ರಾಯರು ತಾವೇ ಲೇಖನಿ ಹಿಡಿದರು. ಚಿಕ್ಕ ವಾಕ್ಯ, ಮನೆಮಾತಿನ ಪದ, ತಿಳಿಹಾಸ್ಯ—ಇವು ಅವರ ಕಥೆಗಳ ಜೀವಾಳ. ‘ಸಿಗಡಿ ಯಾಕೆ ಒಣಗಲಿಲ್ಲ?’ ಎಂಬ ಕಥೆಯಲ್ಲಿ ಪ್ರಶ್ನೆಯು ಒಬ್ಬರಿಂದ ಇನ್ನೊಬ್ಬರಿಗೆ ಸರಪಳಿಯಂತೆ ಸಾಗುತ್ತದೆ. ಆದುದರಿಂದ ತಡವರಿಸಿ ಓದುವ ಮಗುವೂ ಮುಂದೇನೆಂಬ ಕುತೂಹಲದಿಂದ ಪುಟ ತಿರುವುತ್ತದೆ. ತುಸು ಬೆಳೆದವರಿಗಾಗಿ ರಾಯರು ತುಳುನಾಡಿನ ಪಾಡ್ದನಗಳ ವೀರರನ್ನು ‘ಕೋಟಿ ಚೆನ್ನಯ’ದಲ್ಲಿ ಕನ್ನಡಕ್ಕೆ ಕರೆತಂದರು.

1921ರಲ್ಲಿ ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ತಮ್ಮನ್ನು ‘ಕವಿಶಿಷ್ಯ’ನೆಂದೇ ಕರೆದುಕೊಂಡ ಈ ವಿನಯಶೀಲರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ಅವರು ಕಾಲವಶರಾದರು. ದೊಡ್ಡವರ ಸಾಹಿತ್ಯಕ್ಕೆ ಓದುಗರು ಮೂಡುವುದು ಎಳೆಯರ ಪುಸ್ತಕಗಳಿಂದಲೇ. ಆ ಬೀಜವನ್ನು ಕನ್ನಡದಲ್ಲಿ ಬಿತ್ತಿದವರಲ್ಲಿ ರಾಯರು ಅಗ್ರಗಣ್ಯರು.